ಕೈರೋದಲ್ಲಿ ಎಷ್ಟು ‘ಹೊಸ ಕೈರೋ’ಗಳಿವೆ?

ಕೈರೋ ನಗರದ ಈಶಾನ್ಯಕ್ಕೆ ‘ಮಸ್ರ್ ಎಲ್ ಗೆದೀದಾ’ ಅಂತ ಒಂದು ಬಡಾವಣೆ ಇದೆ. ಅಲ್ಲಿಂದ ತುಸು ದಕ್ಷಿಣಕ್ಕೆ, ಮರಳುಗಾಡಿನ ಕಡೆ ಹೋದರೆ ‘ಅಲ್ ಕಾಹಿರಾ ಅಲ್ ಗೆದೀದಾ’ ಸಿಗುತ್ತದೆ. ಎರಡು ಹೆಸರನ್ನೂ ಕನ್ನಡಕ್ಕೆ ತಂದು ನೋಡಿ. ಎರಡೂ ‘ಹೊಸ ಕೈರೋ’ನೇ! ಒಂದು 1905ರಲ್ಲಿ ಹೊಸದಾಗಿತ್ತು, ಇನ್ನೊಂದು 2000ದ ಹೊತ್ತಿಗೆ. ಇವೆರಡೂ ಸಾಲದು ಅಂತ ಈಗ ಇನ್ನೂ ಪೂರ್ವಕ್ಕೆ ‘ಹೊಸ ಆಡಳಿತ ರಾಜಧಾನಿ’ ಎಂಬ ಮೂರನೆಯದು ಏಳುತ್ತಿದೆ.

‘ಮಸ್ರ್’ ಎಂಬ ಪದದ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಅರಬ್ಬಿಯಲ್ಲಿ ಈಜಿಪ್ಟ್ ದೇಶದ ಹೆಸರೇ ಮಸ್ರ್. ಆದರೆ ಹಳ್ಳಿಯಿಂದ ಕೈರೋಗೆ ಹೊರಟವನೂ ‘ಮಸ್ರ್‌ಗೆ ಹೋಗ್ತಿದ್ದೀನಿ’ ಅನ್ನುತ್ತಾನೆ. ದೇಶದೊಳಗೇ ಇದ್ದುಕೊಂಡು ದೇಶಕ್ಕೆ ಹೊರಡುವುದು! ಅದಕ್ಕೇ ನಗರದ ತೀರಾ ಹಳೆಯ ಭಾಗಕ್ಕೆ ‘ಮಸ್ರ್ ಎಲ್ ಕದೀಮಾ’, ಅಂದರೆ ಹಳೇ ಕೈರೋ ಅಂತ ಹೆಸರು.

ಇಷ್ಟು ದೊಡ್ಡ ಊರಿನ ನಕ್ಷೆ ನೋಡಿದರೆ ಮೊದಲಿಗೆ ತಲೆ ಕೆಡುತ್ತದೆ. ಆದರೆ ಒಂದು ವಿಷಯ ಹಿಡಿದುಕೊಂಡರೆ ದಾರಿ ಸಿಗುತ್ತದೆ. ಕೈರೋದ ದೊರೆಗಳಿಗೂ ಸಿರಿವಂತರಿಗೂ ಹಳೇ ಮನೆ ರಿಪೇರಿ ಮಾಡಿಸುವ ಅಭ್ಯಾಸ ಕಡಿಮೆ. ಪಕ್ಕದ ಸೈಟಿನಲ್ಲಿ ಹೊಸ ಮನೆ ಕಟ್ಟಿಸಿಕೊಂಡು ಹೊರಟುಬಿಡುತ್ತಾರೆ. ಅವರು ಎದ್ದುಹೋದ ಜಾಗಕ್ಕೆ ಬೇರೆಯವರು ಬಂದು ತುಂಬಿಕೊಳ್ಳುತ್ತಾರೆ. 1,300 ವರ್ಷಗಳಿಂದ ಇದೇ ಕಥೆ.

ಸೇತುವೆ ದಾಟಿದರೆ ಬೇರೆ ಸರ್ಕಾರ

ಮೊದಲು ಒಂದು ಸರಳ ಪ್ರಶ್ನೆ: ಕೈರೋ ಎಲ್ಲಿ ಮುಗಿಯುತ್ತದೆ? ಕಾಗದದ ಮೇಲೆ ನೈಲ್ ನದಿಯಲ್ಲಿ ಮುಗಿಯುತ್ತದೆ. ನದಿಯ ಪೂರ್ವ ದಡ ಕೈರೋ ಪ್ರಾಂತ. ಪಶ್ಚಿಮ ದಡ ಗೀಜಾ ಪ್ರಾಂತ. ಉತ್ತರದ ತುದಿ ಕಲ್ಯೂಬಿಯಾ ಪ್ರಾಂತ. ಮೂರಕ್ಕೂ ಬೇರೆ ಬೇರೆ ರಾಜ್ಯಪಾಲರು, ಬೇರೆ ಬೇರೆ ಕಚೇರಿಗಳು. ಪಿರಮಿಡ್ಡುಗಳು ಕೈರೋದಲ್ಲಿಲ್ಲ, ಗೀಜಾದಲ್ಲಿವೆ. ಅದಾದರೂ ಹೋಗಲಿ, ಕೈರೋ ವಿಶ್ವವಿದ್ಯಾಲಯವೂ ಇರುವುದು ಗೀಜಾದಲ್ಲೇ!

ಶುಬ್ರಾ ಎಂಬ ಹಳೇ ಬಡಾವಣೆ ಕೈರೋಗೆ ಸೇರಿದ್ದು. ಮುಸ್ಲಿಮರೂ ಕಾಪ್ಟಿಕ್ ಕ್ರೈಸ್ತರೂ (ಈಜಿಪ್ಟಿನದೇ ಹಳೇ ಕ್ರೈಸ್ತ ಪಂಗಡದವರು) ಅಕ್ಕಪಕ್ಕದ ಮನೆಗಳಲ್ಲಿ ಇರುವುದಕ್ಕೆ ಅದು ಹೆಸರುವಾಸಿ. ಗಾಯಕಿ ದಲೀದಾ ಹುಟ್ಟಿದ್ದು ಅಲ್ಲೇ, 1933ರಲ್ಲಿ. ಶುಬ್ರಾದಿಂದ ಉತ್ತರಕ್ಕೆ ಹೋಗಿ ಒಂದು ಕಾಲುವೆ ದಾಟಿದರೆ ಶುಬ್ರಾ ಎಲ್ ಖೇಮಾ. ಗಿರಣಿ, ಕಾರ್ಖಾನೆಗಳ ಜಾಗ. ಕಣ್ಣಿಗೆ ಅದೇ ಊರು ಮುಂದುವರಿದ ಹಾಗೆ ಕಾಣುತ್ತದೆ, ಆದರೆ ಅದು ಕಲ್ಯೂಬಿಯಾ ಪ್ರಾಂತ.

2017ರ ಜನಗಣತಿಯಲ್ಲಿ ಕೈರೋ ಪ್ರಾಂತದಲ್ಲಿ ಸುಮಾರು 95 ಲಕ್ಷ, ಗೀಜಾದಲ್ಲಿ 86 ಲಕ್ಷ, ಕಲ್ಯೂಬಿಯಾದಲ್ಲಿ 56 ಲಕ್ಷ ಜನ ಇದ್ದರು. ಇದರಲ್ಲಿ ದೂರದ ಹಳ್ಳಿಗಳನ್ನು ಬಿಟ್ಟರೂ ಒಂದಕ್ಕೊಂದು ಅಂಟಿಕೊಂಡ ಊರು ಅಂತ ನೋಡಿದರೆ ಎರಡು ಕೋಟಿ ಜನ. ಇದನ್ನೇ ‘ಮಹಾ ಕೈರೋ’ ಅನ್ನುವುದು. ಆದರೆ ಮಹಾ ಕೈರೋಗೆ ಅಂತ ಒಬ್ಬ ಮೇಯರ್ ಇಲ್ಲ. ರಾಜ್ಯಪಾಲರನ್ನು ನೇಮಿಸುವುದು ಅಧ್ಯಕ್ಷರು. ಚುನಾಯಿತ ಸ್ಥಳೀಯ ಮಂಡಳಿಗಳನ್ನು 2011ರ ಕ್ರಾಂತಿಯ ನಂತರ ವಿಸರ್ಜಿಸಿದರು, ಆಮೇಲೆ ಚುನಾವಣೆ ನಡೆದೇ ಇಲ್ಲ. ಮನೆ ಮುಂದಿನ ಚರಂಡಿ ಕಟ್ಟಿಕೊಂಡರೆ ಹೋಗಿ ಹಿಡಿದುಕೊಳ್ಳಲು ಒಬ್ಬ ಕೌನ್ಸಿಲರ್ ಕೂಡ ಇಲ್ಲ ಅಂತಾಯಿತು.

2008ರಲ್ಲಿ ಇನ್ನೊಂದು ತಮಾಷೆ ಆಯಿತು. ಕೈರೋವನ್ನು ಕತ್ತರಿಸಿ ಹೆಲ್ವಾನ್ ಅಂತಲೂ, ಗೀಜಾವನ್ನು ಕತ್ತರಿಸಿ ಅಕ್ಟೋಬರ್ 6 ಅಂತಲೂ ಹೊಸ ಪ್ರಾಂತಗಳನ್ನು ಮಾಡಿದರು. ಜನ ಮನೆ ಬಿಟ್ಟು ಕದಲಲಿಲ್ಲ, ಪ್ರಾಂತ ಮಾತ್ರ ಬದಲಾಯಿತು. ಮೂರೇ ವರ್ಷಕ್ಕೆ, 2011ರಲ್ಲಿ, ಎರಡನ್ನೂ ರದ್ದು ಮಾಡಿದರು. ಎಲ್ಲರೂ ವಾಪಸ್ಸು ಹಳೇ ಪ್ರಾಂತಕ್ಕೇ ಸೇರಿದರು.

ಮೊದಲ ಗೇಟೆಡ್ ಕಾಲೊನಿ

ಕ್ರಿ.ಶ. 641ರ ಸುಮಾರಿಗೆ ಅರಬ್ ದಳಪತಿ ಅಮ್ರ್ ಇಬ್ನ್ ಅಲ್ ಆಸ್ ಈಜಿಪ್ಟನ್ನು ಗೆದ್ದ. ರೋಮನ್ನರ ಹಳೇ ಕೋಟೆಯೊಂದರ ಪಕ್ಕ ಬಿಡಾರ ಹೂಡಿದ. ಆ ಬಿಡಾರವೇ ಫುಸ್ತಾತ್ ಎಂಬ ಊರಾಯಿತು. ನೂರು ವರ್ಷದ ಮೇಲೆ ಅಬ್ಬಾಸಿಗಳು ಎಂಬ ಬೇರೆ ಖಲೀಫ ವಂಶದವರು ಬಂದರು. ಅವರಿಗೆ ಫುಸ್ತಾತ್ ಬೇಡವಾಯಿತು, ಅದರ ಉತ್ತರಕ್ಕೆ ಅಲ್ ಅಸ್ಕರ್ ಕಟ್ಟಿದರು. 870ರಲ್ಲಿ ಈಜಿಪ್ಟ್ ಆಳುತ್ತಿದ್ದ ಇಬ್ನ್ ತುಲೂನ್‌ಗೆ ಅದೂ ಬೇಡವಾಯಿತು. ಇನ್ನಷ್ಟು ಈಶಾನ್ಯಕ್ಕೆ ಅಲ್ ಕತಾಯಿ ಕಟ್ಟಿಸಿದ. ಅವನ ದೊಡ್ಡ ಮಸೀದಿ ಇವತ್ತಿಗೂ ನಿಂತಿದೆ, ಊರು ಮಾತ್ರ ಇಲ್ಲ. 969ರಲ್ಲಿ ಫಾತಿಮಿ ಖಲೀಫರ ಸೇನಾಪತಿ ಜೌಹರ್ ಬಂದು ಮತ್ತೂ ಉತ್ತರಕ್ಕೆ ನಾಲ್ಕನೆಯ ಊರಿಗೆ ಗೆರೆ ಎಳೆದ. ಅದರ ಹೆಸರು ಅಲ್ ಕಾಹಿರಾ, ಗೆದ್ದವಳು. ನಾವು ಕೈರೋ ಅನ್ನುವುದು ಇದನ್ನೇ.

ಗಮನಿಸಿ, ಪ್ರತಿ ಸಲವೂ ಉತ್ತರಕ್ಕೇ ಸರಿದಿದ್ದಾರೆ. ಪೂರ್ವಕ್ಕೆ ಮುಕತ್ತಮ್ ಬೆಟ್ಟ ಅಡ್ಡ. ಪಶ್ಚಿಮಕ್ಕೆ ವರ್ಷ ವರ್ಷ ಉಕ್ಕುವ ನದಿ. ಗಾಳಿ ಬೀಸುವುದು ಉತ್ತರದಿಂದ. ಹಳೇ ಊರಿನ ಹೊಗೆ, ವಾಸನೆ ಮೂಗಿಗೆ ಬಡಿಯಬಾರದು ಅಂದರೆ ದೊರೆ ಎಲ್ಲಿರಬೇಕು ಹೇಳಿ?

ಅಲ್ ಕಾಹಿರಾ ಎಲ್ಲರ ಊರಾಗಿರಲಿಲ್ಲ. ಗೋಡೆಯೊಳಗೆ ಖಲೀಫನ ಅರಮನೆಗಳು, ಸೈನಿಕರ ಬಿಡಾರಗಳು, ಅಲ್ ಅಜ್ಹರ್ ಮಸೀದಿ. ಸಾಮಾನ್ಯ ಜನ, ಕುಂಬಾರರು, ವ್ಯಾಪಾರಿಗಳು ಎಲ್ಲ ಇನ್ನೂ ಫುಸ್ತಾತ್‌ನಲ್ಲೇ. ಕೆಲಸವಿದ್ದರೆ ಬಾಗಿಲಲ್ಲಿ ಹೇಳಿ ಒಳಗೆ ಬರಬೇಕು, ಕೆಲಸ ಮುಗಿದರೆ ಹೊರಡಬೇಕು. ಇವತ್ತಿನ ಗೇಟೆಡ್ ಕಾಲೊನಿಗೂ ಇದಕ್ಕೂ ಏನು ವ್ಯತ್ಯಾಸ? 1168ರಲ್ಲಿ, ಶತ್ರು ಸೇನೆಗೆ ಸಿಗಬಾರದು ಅಂತ, ವಜೀರ ಶಾವರ್ ಫುಸ್ತಾತ್‌ಗೆ ಬೆಂಕಿ ಇಡಿಸಿದ. ಮುಂದೆ ಸಲಾಹುದ್ದೀನ್ ಆಳ್ವಿಕೆಯಲ್ಲಿ ಅಲ್ ಕಾಹಿರಾದ ಬಾಗಿಲು ಎಲ್ಲರಿಗೂ ತೆರೆಯಿತು. ದೊರೆ ಮಾತ್ರ ಎತ್ತರದಲ್ಲಿ ಹೊಸ ಕೋಟೆ ಕಟ್ಟಿಸಲು ಶುರುಮಾಡಿದ. ನೋಡಿದಿರಾ, ಜನ ಒಳಗೆ ಬಂದರು, ದೊರೆ ಹೊರಗೆ ಹೊರಟ.

ಬಾಬ್ ಜುವೇಲಾ, ಬಾಬ್ ಅಲ್ ಫುತೂಹ್, ಬಾಬ್ ಅಲ್ ನಸ್ರ್. ‘ಬಾಬ್’ ಅಂದರೆ ಬಾಗಿಲು. ಈ ಮೂರೂ 11ನೇ ಶತಮಾನದ ಕಲ್ಲಿನ ಬಾಗಿಲುಗಳು, ಈಗಲೂ ಇವೆ.

ನೀರಿದ್ದ ಕಡೆ ಬೀದಿ

ಕೈರೋದ ಜಾಗದ ಹೆಸರುಗಳಲ್ಲಿ ನೀರು ತುಂಬಿಕೊಂಡಿದೆ, ನೆಲದಲ್ಲಿ ಮಾತ್ರ ಒಂದು ಹನಿ ಇಲ್ಲ. ‘ಬಿರ್ಕೆತ್ ಎಲ್ ಫೀಲ್’ ಅಂದರೆ ಆನೆ ಹೊಂಡ. ಅಲ್ಲಿ ಆನೆಯೂ ಇಲ್ಲ, ಹೊಂಡವೂ ಇಲ್ಲ. ಅಜ್ಬಕಿಯಾ ಕೂಡ ಒಂದು ಕಾಲಕ್ಕೆ ಕೆರೆ, ಆಮೇಲೆ ತೋಟವಾಯಿತು. ಊರ ನಡುವೆ ಹರಿಯುತ್ತಿದ್ದ ಖಲೀಜ್ ಕಾಲುವೆಯನ್ನು 1890ರ ದಶಕದ ಕೊನೆಯಲ್ಲಿ ಮುಚ್ಚಿ, ಅದರ ಮೇಲೆ ಟ್ರಾಮ್ ಓಡಿಸಿದರು. ಈಗ ಅದು ಪೋರ್ಟ್ ಸಯೀದ್ ಬೀದಿ.

ನೈಲ್ ನದಿ ತಾನೇ ಜಾಗ ಬದಲಿಸಿದ್ದೂ ಉಂಟು. ಮಧ್ಯಯುಗದಲ್ಲಿ ಅದು ಮೆಲ್ಲಗೆ ಪಶ್ಚಿಮಕ್ಕೆ ಸರಿಯಿತು. ಬಿಟ್ಟುಹೋದ ಮಣ್ಣಿನ ಮೇಲೆ ಬುಲಾಕ್ ಎದ್ದಿತು, ಕೈರೋದ ಬಂದರಾಯಿತು. ನದಿಯ ನಡುವಿನ ಗೆಜೀರಾ ದ್ವೀಪವೂ ಹಾಗೆ ಮಣ್ಣು ಕೂಡಿ ಆದದ್ದೇ. ಅದರ ಉತ್ತರ ಭಾಗ ಜಮಾಲೆಕ್. ರಾಯಭಾರ ಕಚೇರಿಗಳು, ದೊಡ್ಡ ಮರಗಳು, ಹಳೇ ಬಂಗಲೆಗಳ ಸಿರಿವಂತ ಬಡಾವಣೆ.

ಫುಟ್‌ಬಾಲ್ ಪ್ರಿಯರಿಗೆ ಇಲ್ಲೊಂದು ಒಗಟು. ಜಮಾಲೆಕ್ ಕ್ಲಬ್ಬು ಜಮಾಲೆಕ್‌ನಲ್ಲಿಲ್ಲ! ನದಿಯಾಚೆ, ಗೀಜಾ ಕಡೆಯ ಮೀತ್ ಉಕ್ಬಾದಲ್ಲಿದೆ. ಅದರ ಬದ್ಧ ವೈರಿ ಅಲ್ ಅಹ್ಲಿ ಕ್ಲಬ್ಬಿನ ಮುಖ್ಯ ಕಚೇರಿ ಇರುವುದು ಗೆಜೀರಾ ದ್ವೀಪದಲ್ಲಿ.

ಅಜ್ಬಕಿಯಾದಿಂದ ನದಿಯವರೆಗಿನ ಜೌಗು ನೆಲವನ್ನು ಊರು ಮಾಡಿದವನು ಖೆದಿವ್, ಅಂದರೆ ಈಜಿಪ್ಟಿನ ದೊರೆ, ಇಸ್ಮಾಯಿಲ್. 1867ರಲ್ಲಿ ಪ್ಯಾರಿಸ್ಸಿನ ವಸ್ತುಪ್ರದರ್ಶನ ನೋಡಿ ಬಂದಿದ್ದ. 1869ಕ್ಕೆ ಸೂಯೆಜ್ ಕಾಲುವೆ ಉದ್ಘಾಟನೆ, ಯುರೋಪಿನ ರಾಜರಾಣಿಯರೆಲ್ಲ ಬರುವವರು. ಅವರಿಗೆ ಹಳೇ ಊರಿನ ಸಂದಿಗೊಂದಿ ತೋರಿಸಲಾಗುತ್ತದೆಯೇ? ಅಗಲ ರಸ್ತೆ, ದುಂಡು ಚೌಕ, ಸಾಲುಮರ ಎಲ್ಲ ಇಟ್ಟು ಇಸ್ಮಾಯಿಲಿಯಾ ಎಂಬ ಹೊಸ ಭಾಗ ಶುರುಮಾಡಿಸಿದ. ಅದನ್ನೇ ಈಗ ‘ವಸ್ತ್ ಎಲ್ ಬಲದ್’, ಊರ ನಡು ಅನ್ನುತ್ತಾರೆ. ತಹ್ರೀರ್ ಚೌಕ ಇರುವುದು ಇಲ್ಲೇ. ಸಾಲದ ಹೊರೆಯಲ್ಲಿ ಇಸ್ಮಾಯಿಲ್ 1879ರಲ್ಲಿ ಪಟ್ಟ ಕಳೆದುಕೊಂಡ. ಊರು ಉಳಿಯಿತು.

ಮರಳುಗಾಡಲ್ಲಿ ಒಡಿಶಾ

ಇನ್ನು ಮೊದಲ ‘ಹೊಸ ಕೈರೋ’ಗೆ ಬರೋಣ. 1905ರಲ್ಲಿ ಬ್ಯಾರನ್ ಎದ್ವಾರ್ ಎಂಪೇನ್ ಎಂಬ ಬೆಲ್ಜಿಯಂ ಉದ್ಯಮಿ ಕೈರೋದ ಈಶಾನ್ಯದ ಮರಳುಗಾಡಿನಲ್ಲಿ ಸುಮಾರು 6,000 ಫೆದ್ದಾನ್ ಜಾಗ ಕೊಂಡ. ಫೆದ್ದಾನ್ ಅಂದರೆ ಹೆಚ್ಚುಕಡಿಮೆ ಒಂದು ಎಕರೆ. ಬೆಲೆ ಫೆದ್ದಾನ್‌ಗೆ ಒಂದು ಪೌಂಡ್! ನೀರಿಲ್ಲ, ನೆರಳಿಲ್ಲ, ಅಲ್ಲಿಗೆ ಯಾರು ಬರುತ್ತಾರೆ? ಎಂಪೇನ್ ಪ್ಯಾರಿಸ್ ಮೆಟ್ರೋ ಕಟ್ಟಿದ್ದ ಮನುಷ್ಯ. ಅವನಿಗೆ ಉತ್ತರ ಗೊತ್ತಿತ್ತು. ಮೊದಲು ರೈಲು ಓಡಿಸು, ಹಿಂದೆಯೇ ಜನ ಬರುತ್ತಾರೆ. ಕೈರೋ ನಡುವಿನಿಂದ ವೇಗದ ವಿದ್ಯುತ್ ಟ್ರಾಮ್ ಎಳೆಸಿದ. ಊರಿಗೆ ಹೆಲಿಯೊಪೊಲಿಸ್ ಅಂತ ಹೆಸರಿಟ್ಟ. ಜನ ಅದನ್ನು ಮಸ್ರ್ ಎಲ್ ಗೆದೀದಾ ಅಂದರು. ಅವನು ಕಟ್ಟಿಸಿದ ಭಾರೀ ಹೋಟೆಲು ಇವತ್ತು ಅಧ್ಯಕ್ಷರ ಅರಮನೆ.

ನಮ್ಮವರು ಕೈರೋಗೆ ಹೋದರೆ ಇಲ್ಲೊಂದು ಕಟ್ಟಡದ ಮುಂದೆ ನಿಂತು ಕಣ್ಣುಜ್ಜಿಕೊಳ್ಳಬೇಕಾಗುತ್ತದೆ. ಎಂಪೇನ್ ತನಗಾಗಿ ಕಟ್ಟಿಸಿಕೊಂಡ ಅರಮನೆ ಅದು, ‘ಕಸ್ರ್ ಎಲ್ ಬ್ಯಾರನ್’. ವಾಸ್ತುಶಿಲ್ಪಿ ಅಲೆಕ್ಸಾಂಡರ್ ಮಾರ್ಸೆಲ್ ಕಾಂಬೋಡಿಯಾದ ಅಂಕೋರ್ ವಾಟ್‌ನಿಂದಲೂ ಒಡಿಶಾದ ಗುಡಿಗಳಿಂದಲೂ ಮಾದರಿ ತೆಗೆದುಕೊಂಡ. ಶಿಖರದ ಹಾಗೆ ಒಂದು ಗೋಪುರ, ಗೋಡೆ ತುಂಬ ಆನೆ, ಹಾವು, ದೇವಾನುದೇವತೆಗಳು. ಕಲ್ಲಿನದಲ್ಲ, ಕಾಂಕ್ರೀಟಿನದು. ಯಾರೂ ಪೂಜೆ ಮಾಡದ ಈ ‘ಗುಡಿ’ 1911ರ ಸುಮಾರಿಗೆ ಮುಗಿಯಿತು. ಮುಂದೆ ದಶಕಗಟ್ಟಲೆ ಪಾಳು ಬಿದ್ದು, ದೆವ್ವದ ಮನೆ ಅಂತ ಹೆಸರು ಪಡೆದು, ದುರಸ್ತಿಯಾಗಿ 2020ರಲ್ಲಿ ಜನರಿಗೆ ತೆರೆಯಿತು.

ಇದೇ ಕಾಲಕ್ಕೆ, ಇದೇ ಸೂತ್ರದಲ್ಲಿ ದಕ್ಷಿಣದಲ್ಲಿ ಮಾದಿ ಬೆಳೆಯಿತು. ಹೆಲ್ವಾನ್‌ಗೆ ಹೋಗುವ ರೈಲಿನ ಪಕ್ಕ ಭೂ ಕಂಪನಿಯೊಂದು ಬಂಗಲೆ ಸೈಟುಗಳನ್ನು ಮಾರಿತು. ಮನೆ ಎಷ್ಟು ಎತ್ತರ ಇರಬೇಕು, ತೋಟ ಹೇಗಿರಬೇಕು ಅಂತೆಲ್ಲ ಕಟ್ಟುನಿಟ್ಟು. ಆ ರೈಲು ಹಳಿಯನ್ನೇ ಸೇರಿಸಿಕೊಂಡು 1987ರಲ್ಲಿ ಆಫ್ರಿಕಾದ ಮೊದಲ ಮೆಟ್ರೋ ಶುರುವಾಯಿತು. ಇವತ್ತು ಆ ಮೆಟ್ರೋದಲ್ಲಿ ಮಾದಿ ಬಿಟ್ಟು ಉತ್ತರಕ್ಕೆ ಸ್ವಲ್ಪ ದೂರ ಬಂದರೆ ದಾರ್ ಎಸ್ ಸಲಾಮ್ ನಿಲ್ದಾಣ. ಮಾದಿಯಲ್ಲಿ ಮರಗಳ ಮೇಲಿಂದ ಮನೆ ಇಣುಕುತ್ತವೆ. ದಾರ್ ಎಸ್ ಸಲಾಮ್‌ನಲ್ಲಿ ಕೆಂಪು ಇಟ್ಟಿಗೆಯ ಮನೆಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿವೆ. ಈ ಎರಡರ ನಡುವಿನ ಅಂತರ ಅರ್ಥವಾದರೆ ಕೈರೋ ಅರ್ಧ ಅರ್ಥವಾದ ಹಾಗೆ.

ಹೊಲದ ಮೇಲೆ ಎದ್ದ ಊರು

ಸರ್ಕಾರ ಮತ್ತು ಪತ್ರಿಕೆಗಳು ದಾರ್ ಎಸ್ ಸಲಾಮ್‌ನಂಥ ಜಾಗಗಳಿಗೆ ‘ಅಶ್ವಾಯಿಯ್ಯಾತ್’ ಅನ್ನುತ್ತವೆ. ಯದ್ವಾತದ್ವಾ ಬೆಳೆದದ್ದು ಅಂತ ಅರ್ಥ. 1992ರ ನಂತರ ಈ ಪದ ಎಲ್ಲರ ಬಾಯಿಗೆ ಬಂತು. ಆ ವರ್ಷ ಅಕ್ಟೋಬರ್‌ನಲ್ಲಿ ಭೂಕಂಪ, ಡಿಸೆಂಬರ್‌ನಲ್ಲಿ ಇಂಬಾಬಾ ಎಂಬ ಬಡಾವಣೆಗೆ ಉಗ್ರರನ್ನು ಹಿಡಿಯಲು ಸಾವಿರಾರು ಪೊಲೀಸರು ನುಗ್ಗಿದ್ದು. ಅಲ್ಲಿಯವರೆಗೆ ಸರ್ಕಾರಕ್ಕೆ ಕಣ್ಣಿಗೇ ಬೀಳದಿದ್ದ ಊರು ಒಮ್ಮೆಗೇ ಎದುರಿಗೆ ಬಂದು ನಿಂತಿತು.

ನನಗೆ ಈ ‘ಯದ್ವಾತದ್ವಾ’ ಅನ್ನುವ ಮಾತು ಒಪ್ಪಿಗೆಯಿಲ್ಲ. ಏಕೆ ಅಂತ ಹೇಳುತ್ತೇನೆ.

1950, 60ರ ದಶಕದಲ್ಲಿ ಹೆಲ್ವಾನ್, ಶುಬ್ರಾ ಎಲ್ ಖೇಮಾ, ಇಂಬಾಬಾ ಕಡೆ ಕಾರ್ಖಾನೆಗಳು ಬಂದವು. ಹಳ್ಳಿಗಳಿಂದ ಜನ ಬಂದರು. ಊರ ನಡುವಿನ ಹಳೇ ಮನೆಗಳಿಗೆ ಕಾನೂನೇ ಬಾಡಿಗೆ ಗೊತ್ತು ಮಾಡಿತ್ತು. ಒಳಗಿದ್ದವರು ಬಿಡುತ್ತಿರಲಿಲ್ಲ, ಮಾಲೀಕ ಸುಣ್ಣ ಕೂಡ ಬಳಿಸುತ್ತಿರಲಿಲ್ಲ. ಇಸ್ರೇಲ್ ಜೊತೆಗಿನ 1967ರ ಯುದ್ಧದ ನಂತರ ಸರ್ಕಾರದ ದುಡ್ಡೆಲ್ಲ ಸೇನೆಗೆ ಹೋಯಿತು, ಮನೆ ಕಟ್ಟಿಸುವುದು ನಿಂತಿತು. ಸೂಯೆಜ್ ಕಾಲುವೆ ಊರುಗಳಿಂದ ಯುದ್ಧ ಸಂತ್ರಸ್ತರೂ ಕೈರೋಗೇ ಬಂದರು. ಇಷ್ಟು ಜನ ಎಲ್ಲಿ ಇರಬೇಕು?

ಸುತ್ತ ಬೇಕಾದಷ್ಟು ಮರಳುಗಾಡಿತ್ತು. ಆದರೆ ಅದು ಸರ್ಕಾರದ್ದು, ಸಾಮಾನ್ಯನಿಗೆ ಕೊಳ್ಳಲು ಸಿಗದು. ಪಶ್ಚಿಮ ದಡದ ಹೊಲಗಳು ರೈತರವು, ಕೊಳ್ಳಬಹುದು. ಆದರೆ ಹೊಲದಲ್ಲಿ ಮನೆ ಕಟ್ಟುವುದು ಕಾನೂನಿಗೆ ವಿರುದ್ಧ. ಕಟ್ಟಬಹುದಾದ ಕಡೆ ಕೊಳ್ಳಲಾಗದು, ಕೊಳ್ಳಬಹುದಾದ ಕಡೆ ಕಟ್ಟಲಾಗದು. ಜನ ಎರಡನೆಯದನ್ನು ಆರಿಸಿಕೊಂಡರು. 1973ರ ನಂತರ ಕೊಲ್ಲಿ ದೇಶಗಳಿಗೆ ದುಡಿಯಲು ಹೋದವರು ಕಳಿಸಿದ ದುಡ್ಡೆಲ್ಲ ಇಲ್ಲಿ ಇಟ್ಟಿಗೆಯಾಯಿತು.

ಹೇಗೆ ಕಟ್ಟಿದರು ಅಂತ ಹತ್ತಿರದಿಂದ ನೋಡೋಣ. ನೈಲ್ ಬಯಲಿನ ಹೊಲಗಳು ಉದ್ದುದ್ದ, ಅಗಲ ಕಡಿಮೆ. ಎರಡು ಹೊಲಗಳ ನಡುವೆ ನೀರಿನ ಕಾಲುವೆ. ರೈತ ಒಂದು ಪಟ್ಟಿ ಮಾರುತ್ತಾನೆ. ಕೊಂಡವರು ನಡುವೆ ಎರಡು ಮೂರು ಮೀಟರ್ ದಾರಿ ಬಿಟ್ಟು, ಎರಡೂ ಬದಿಗೆ ಸೈಟು ಹಾಕುತ್ತಾರೆ. ನೋಂದಣಿ ಇಲ್ಲ, ಸಾಕ್ಷಿಗಳ ಸಹಿ ಇರುವ ಒಂದು ಕಾಗದ ಅಷ್ಟೇ. ಮೊದಲು ಕಾಂಕ್ರೀಟ್ ಕಂಬ, ತೊಲೆ. ನಡುವೆ ಕೆಂಪು ಇಟ್ಟಿಗೆ. ಕೆಳಗೆ ಒಂದು ಮನೆ, ರಸ್ತೆಗೆ ಒಂದು ಅಂಗಡಿ. ಹೊರಗೋಡೆಗೆ ಗಾರೆ ಬಳಿಯುವುದಿಲ್ಲ, ಆ ದುಡ್ಡಿಗೆ ಒಳಗೆ ಇನ್ನೊಂದು ಕೋಣೆಯಾಗುತ್ತದೆ. ತಾರಸಿ ಮೇಲೆ ಕಂಬಿಗಳು ಆಕಾಶಕ್ಕೆ ಚಾಚಿಕೊಂಡಿರುತ್ತವೆ. ಮಗನ ಮದುವೆಗೆ ಒಂದು ಮಹಡಿ, ತಮ್ಮ ಕುವೈತಿನಿಂದ ಬಂದರೆ ಇನ್ನೊಂದು. ಕಂಬಿ ಕಾಣುತ್ತಿದೆ ಅಂದರೆ ಆ ಮನೆಯಲ್ಲಿ ಇನ್ನೂ ಯಾರದೋ ಮದುವೆ ಬಾಕಿ ಇದೆ ಅಂತ ಲೆಕ್ಕ.

ಹೊಲದ ಬದು ಮನೆಯ ಗೋಡೆಯಾಯಿತು. ಸಣ್ಣ ಕಾಲುವೆ ಓಣಿಯಾಯಿತು. ದೊಡ್ಡ ಕಾಲುವೆ ಮುಖ್ಯ ರಸ್ತೆಯಾಯಿತು. ಗೀಜಾದಲ್ಲಿ ‘ತೆರ್ಅತ್ ಎಲ್ ಜುಮುರ್’ ಎಂಬ ರಸ್ತೆ ಇದೆ. ‘ತೆರ್ಆ’ ಅಂದರೆ ನೀರಾವರಿ ಕಾಲುವೆ. ಖಲೀಜ್ ಕಾಲುವೆಯನ್ನು ಮುಚ್ಚಿ ಸರ್ಕಾರ ಮಾಡಿದ್ದನ್ನೇ ನೂರು ವರ್ಷದ ಮೇಲೆ ಇಲ್ಲೂ ಮಾಡಿದರು. ಮೇಲಿಂದ ನೋಡಿದರೆ ರೈತರ ಹೊಲಗಳ ನಕ್ಷೆಯೇ ಇಟ್ಟಿಗೆಯಲ್ಲಿ ಎದ್ದು ನಿಂತ ಹಾಗಿದೆ. ಇದು ಯದ್ವಾತದ್ವಾ ಹೇಗಾಗುತ್ತದೆ?

ಇನ್ನೊಂದು ವಿಚಿತ್ರ. ಹಿಂದೆ ಇಟ್ಟಿಗೆ ಮಾಡುತ್ತಿದ್ದುದು ನೈಲ್ ಮೆಕ್ಕಲು ಮಣ್ಣಿನಿಂದ. ಅಸ್ವಾನ್ ದೊಡ್ಡ ಅಣೆಕಟ್ಟು 1970ರಲ್ಲಿ ಮುಗಿದ ಮೇಲೆ ಆ ಮಣ್ಣು ಬರುವುದು ನಿಂತಿತು. ಹೊಲದ ಮೇಲ್ಮಣ್ಣು ಕೆರೆಯುವುದನ್ನು ಸರ್ಕಾರ ನಿಷೇಧಿಸಿತು. ಈಗ ಮರಳುಗಾಡಿನ ಜೇಡಿಯಿಂದ ಇಟ್ಟಿಗೆ ಸುಡುತ್ತಾರೆ. ಕಪ್ಪು ನೆಲವನ್ನು ಉಳಿಸಲು ಮರಳುಗಾಡಿನಿಂದ ತಂದ ಇಟ್ಟಿಗೆಯನ್ನು ಅದೇ ಕಪ್ಪು ನೆಲದ ಮೇಲೆ ಪೇರಿಸಿದ ಹಾಗಾಯಿತು.

ಮಹಾ ಕೈರೋದ ಅರ್ಧಕ್ಕಿಂತ ಜಾಸ್ತಿ ಜನ ಇರುವುದು ಇಂಥ ಕಡೆಗಳಲ್ಲೇ. ಎಲ್ಲರೂ ಕಡುಬಡವರು ಅಂದುಕೊಳ್ಳಬೇಡಿ. ಮೇಷ್ಟ್ರು, ಗುಮಾಸ್ತ, ನರ್ಸು, ವಕೀಲ ಎಲ್ಲ ಇದ್ದಾರೆ. ಓಣಿಗೆ ಬಸ್ಸು ನುಗ್ಗುವುದಿಲ್ಲ. ಅದಕ್ಕೆ ‘ತುಕ್‌ತುಕ್’ ಇದೆ, ನಮ್ಮ ಆಟೋ. ಸುಮ್ನೆ ಹೋಲಿಕೆಗೆ ಹೇಳುತ್ತಿಲ್ಲ, ನಿಜಕ್ಕೂ ನಮ್ಮದೇ. ಕೈರೋ ಓಣಿಗಳಲ್ಲಿ ಓಡುವ ತುಕ್‌ತುಕ್‌ಗಳಲ್ಲಿ ಬಹುಪಾಲು ಬಜಾಜ್. ಸಿರಿವಂತ ಬಡಾವಣೆಗಳಿಗೆ ಅವಕ್ಕೆ ಪ್ರವೇಶವಿಲ್ಲ. ತುಕ್‌ತುಕ್ ಎಲ್ಲಿ ನಿಲ್ಲುತ್ತದೋ ಅಲ್ಲಿಂದ ಇನ್ನೊಂದು ಕೈರೋ ಶುರು.

ಹೆಸರು ಕೇಳಿದರೂ ನೆಲದ ಕಥೆ ಗೊತ್ತಾಗುತ್ತದೆ. ‘ಕಫ್ರ್’, ‘ಮೀತ್’ ಅಂತ ಶುರುವಾದರೆ ಅದು ಊರು ನುಂಗಿದ ಹಳ್ಳಿ. ‘ಎಜ್ಬಾ’ ಅಂದರೆ ಜಮೀನುದಾರನ ತೋಟ ಅಥವಾ ಕೊಪ್ಪಲು. ‘ಅರ್ದ್’ ಅಂದರೆ ಯಾರದೋ ಜಮೀನು. ಅರ್ದ್ ಎಲ್ ಲಿವಾ ಅಂದರೆ ಸೇನಾಧಿಕಾರಿಯ ಜಮೀನು. ‘ಮದೀನತ್’ ಅಂದರೆ ಸರ್ಕಾರದವರು ನಕ್ಷೆ ಹಾಕಿ ಮಾಡಿದ್ದು. ಮದೀನತ್ ನಸ್ರ್ ಹಾಗೆ ಅಧ್ಯಕ್ಷ ನಾಸೆರ್ ಕಾಲದಲ್ಲಿ ಸೇನೆಯ ಮರಳುಗಾಡಿನ ಮೇಲೆ ಆದದ್ದು. ಅಧ್ಯಕ್ಷ ಸಾದತ್ 1981ರಲ್ಲಿ ಕೊಲೆಯಾದ ಕವಾಯತು ಮೈದಾನ ಇರುವುದು ಅಲ್ಲೇ. ‘ಮುಹಂದಿಸೀನ್’ ಅಂದರೆ ಎಂಜಿನಿಯರುಗಳು. ಪಕ್ಕದಲ್ಲಿ ಪತ್ರಕರ್ತರ ಊರು, ಮೇಷ್ಟ್ರುಗಳ ಊರು. ವೃತ್ತಿ ಸಂಘಗಳಿಗೆ ಅಂತ ಹಂಚಿದ ಜಾಗಗಳು. ಇವೂ ಹೊಲದ ಮೇಲೇ ಎದ್ದವು, ಆದರೆ ಕೈಯಲ್ಲಿ ಪರವಾನಗಿ ಇತ್ತು. ಅದಕ್ಕೇ ಇವನ್ನು ಯಾರೂ ಅಶ್ವಾಯಿಯ್ಯಾತ್ ಅನ್ನುವುದಿಲ್ಲ, ಅಲ್ವಾ?

ಮುಕತ್ತಮ್ ಬೆಟ್ಟದ ಬುಡದ ಮನ್ಶಿಯತ್ ನಾಸೆರ್ ಮಾತ್ರ ಬೇರೆ ಜಾತಿಯದು. ಅದು ಹೊಲದ ಮೇಲಲ್ಲ, ಸರ್ಕಾರಿ ಗುಡ್ಡದ ಮೇಲೆ ಎದ್ದದ್ದು. ಅದರ ಒಂದು ಮೂಲೆಯಲ್ಲಿ ‘ಜಬ್ಬಾಲೀನ್’ ಇದ್ದಾರೆ, ಕೈರೋದ ಕಸ ಎತ್ತುವವರು. ಬಹುಪಾಲು ಕಾಪ್ಟಿಕ್ ಕ್ರೈಸ್ತರು, ದಕ್ಷಿಣದ ಅಸ್ಯೂತ್ ಕಡೆಯಿಂದ ಬಂದವರು. ಮನೆಮನೆಯಿಂದ ಕಸ ತಂದು ಕೈಯಲ್ಲೇ ಬೇರೆ ಮಾಡುತ್ತಾರೆ. ಪ್ಲಾಸ್ಟಿಕ್ಕು ಒಂದು ಕಡೆ, ಕಾಗದ, ತಗಡು ಒಂದು ಕಡೆ, ಅನ್ನದ ಪದಾರ್ಥ ಹಂದಿಗೆ. 2003ರ ಸುಮಾರಿಗೆ ಸರ್ಕಾರ ವಿದೇಶಿ ಕಂಪನಿಗಳಿಗೆ ಗುತ್ತಿಗೆ ಕೊಟ್ಟು ಇವರನ್ನು ಬದಿಗೆ ಸರಿಸಿತು. ದೊಡ್ಡ ಲಾರಿಗಳು ಓಣಿಗೆ ನುಗ್ಗಲಿಲ್ಲ, ಮಹಡಿ ಹತ್ತಿ ಕಸ ತರುವವರೂ ಇರಲಿಲ್ಲ. 2009ರಲ್ಲಿ ಹಂದಿಜ್ವರದ ಹೆದರಿಕೆಗೆ ಇವರ ಹಂದಿಗಳನ್ನೆಲ್ಲ ಕೊಲ್ಲಿಸಿದರು. ಕೊಳೆಯುವ ಕಸ ಬೀದಿಯಲ್ಲೇ ಉಳಿಯಿತು. ಆಗ ಗೊತ್ತಾಯಿತು ಹಂದಿಗಳು ಎಷ್ಟು ಕೆಲಸ ಮಾಡುತ್ತಿದ್ದವು ಅಂತ.

ತಾರೀಖಿನ ಹೆಸರಿನ ಊರುಗಳು

1970ರ ದಶಕದಲ್ಲಿ ಅಧ್ಯಕ್ಷ ಸಾದತ್ ಮರಳುಗಾಡಿನ ಕಡೆ ಕೈ ತೋರಿಸಿದರು. ಹೊಲ ಉಳಿಯಬೇಕಾದರೆ ಜನ ಅಲ್ಲಿಗೆ ಹೋಗಬೇಕು. 1979ರಲ್ಲಿ ಇದಕ್ಕಾಗಿಯೇ ಒಂದು ಪ್ರಾಧಿಕಾರ ಬಂತು. ಊರುಗಳಿಗೆ ತಾರೀಖುಗಳನ್ನೇ ಹೆಸರಿಟ್ಟರು: ಅಕ್ಟೋಬರ್ 6, ಮೇ 15, ರಂಜಾನ್ 10. ಮೊದಲನೆಯದಕ್ಕೂ ಕೊನೆಯದಕ್ಕೂ ಒಂದೇ ದಿನ. ಇಸ್ರೇಲ್ ಜೊತೆ 1973ರ ಯುದ್ಧ ಶುರುವಾದದ್ದು ಅಕ್ಟೋಬರ್ 6ಕ್ಕೆ, ಇಸ್ಲಾಮಿ ಪಂಚಾಂಗದಲ್ಲಿ ಆವತ್ತು ರಂಜಾನ್ 10. ಒಂದೇ ದಿನಕ್ಕೆ ಎರಡು ಊರು, ಒಂದು ಪಶ್ಚಿಮದ ಮರಳುಗಾಡಿನಲ್ಲಿ, ಇನ್ನೊಂದು ಪೂರ್ವದಲ್ಲಿ.

ಕಾರ್ಖಾನೆಗಳು ಹೋದವು. ಜನ ಅಂದುಕೊಂಡಷ್ಟು ಹೋಗಲಿಲ್ಲ. ಕಾರಣ ಸರಳ. ಮನೆಯ ಕೆಳಗೆ ಅಂಗಡಿ ಇಡುವಂತಿಲ್ಲ, ಮಗನಿಗೆ ಮಹಡಿ ಏರಿಸುವಂತಿಲ್ಲ, ಎಲ್ಲಿಗೆ ಹೋಗಬೇಕಾದರೂ ಮೈಕ್ರೋಬಸ್ಸಿಗೆ ದುಡ್ಡು. ಇಂಬಾಬಾದ ಓಣಿಯಲ್ಲಿ ಇದ್ದ ಅನುಕೂಲ ಒಂದೂ ಇಲ್ಲ. ಇಂಬಾಬಾದಲ್ಲೇ ಮನೆ ಉಳಿಸಿಕೊಂಡು ಕಾರ್ಖಾನೆಗೆ ದಿನಾ ಬಸ್ಸಿನಲ್ಲಿ ಹೋಗಿಬರುವುದೇ ವಾಸಿ ಅಂತ ಎಷ್ಟೋ ಜನಕ್ಕೆ ಕಂಡಿತು.

ಎರಡನೆಯ ‘ಹೊಸ ಕೈರೋ’ ಹುಟ್ಟಿದ್ದೂ ಬಡವರ ಹೆಸರಿನಲ್ಲೇ. ಕಡಿಮೆ ಆದಾಯದವರಿಗೆ ಅಂತ ಊರ ಸುತ್ತ ‘ತಗಮ್ಮು’ಗಳನ್ನು, ಅಂದರೆ ವಸತಿ ಗುಂಪುಗಳನ್ನು, ಯೋಜಿಸಿದ್ದರು. ಪೂರ್ವದ ಒಂದನೆಯ, ಮೂರನೆಯ, ಐದನೆಯ ತಗಮ್ಮುಗಳನ್ನು ಸೇರಿಸಿ 2000ದಲ್ಲಿ ಅಲ್ ಕಾಹಿರಾ ಅಲ್ ಗೆದೀದಾ ಮಾಡಿದರು. ಈಗ ‘ಐದನೆಯ ತಗಮ್ಮು’ ಅಂದರೆ ಸಿರಿವಂತರ ವಿಳಾಸ. ಗೋಡೆ ಹಾಕಿದ ಬಡಾವಣೆಗಳಿಗೆ ಅಲ್ಲಿಯ ಜನ ‘ಕಂಪೌಂಡ್’ ಅಂತಲೇ ಅನ್ನುತ್ತಾರೆ. ತಹ್ರೀರ್ ಚೌಕದಲ್ಲಿದ್ದ ಅಮೆರಿಕನ್ ವಿಶ್ವವಿದ್ಯಾಲಯವೂ 2008ರಲ್ಲಿ ಇಲ್ಲಿಗೆ ಬಂತು. 969ರ ಗೋಡೆ, ಬಾಗಿಲು, ಕಾವಲುಗಾರ ಎಲ್ಲ ಮತ್ತೆ ಬಂದವು. ಈ ಸಲ ಈಜುಕೊಳ ಒಂದು ಜಾಸ್ತಿ.

2015ರಲ್ಲಿ ಇನ್ನೂ ಪೂರ್ವಕ್ಕೆ, ಕೈರೋದಿಂದ ಸುಮಾರು 45 ಕಿ.ಮೀ. ದೂರದಲ್ಲಿ, ಹೊಸ ಆಡಳಿತ ರಾಜಧಾನಿ ಘೋಷಣೆಯಾಯಿತು. ಸಂಸತ್ತು, ಸಚಿವಾಲಯಗಳು, 390 ಮೀಟರ್ ದಾಟಿದ ಒಂದು ಗೋಪುರ, ಭಾರೀ ಮಸೀದಿ, ಭಾರೀ ಚರ್ಚು. 2023ರ ಹೊತ್ತಿಗೆ ಸರ್ಕಾರಿ ನೌಕರರು ಅಲ್ಲಿಗೆ ಕೆಲಸಕ್ಕೆ ಹೋಗತೊಡಗಿದರು. ಅಲ್ಲಿಗೆ ಹೋಗುವ ದಾರಿಗಳನ್ನು ಅಗಲ ಮಾಡಬೇಕಲ್ಲ? 2019ರಿಂದ ಮಸ್ರ್ ಎಲ್ ಗೆದೀದಾದ ಹಳೇ ಮರಗಳನ್ನು ಕಡಿದು ಮೇಲ್ಸೇತುವೆಗಳನ್ನು ಕಟ್ಟಿದರು. ಎಂಪೇನ್‌ನ ಟ್ರಾಮ್ ಅದಕ್ಕೂ ಮೊದಲೇ ಹೋಗಿತ್ತು. ಮೂರನೆಯ ಹೊಸ ಕೈರೋಗೆ ದಾರಿ ಬಿಡಲು ಮೊದಲನೆಯದು ತನ್ನ ನೆರಳು ಕಳೆದುಕೊಂಡಿತು. ಬೆಟ್ಟದ ಬುಡದಲ್ಲಿ, ಗೋರಿಗಳ ನಡುವೆಯೇ ಜನ ಸಂಸಾರ ಮಾಡಿಕೊಂಡಿರುವ ಹಳೇ ಸ್ಮಶಾನವಿದೆ, ‘ಕರಾಫಾ’. ಅದರ ಗೋರಿಗಳೂ 2020ರಿಂದೀಚೆಗೆ ಹೊಸ ರಸ್ತೆಗಳಿಗಾಗಿ ಉರುಳುತ್ತಿವೆ.

ಹೊಲದ ಮೇಲೆ ಕಟ್ಟಿದವರಿಗೆ 2019ರಲ್ಲಿ ಒಂದು ಕಾನೂನು ಬಂತು, ದಂಡ ಕಟ್ಟಿ ಸಕ್ರಮ ಮಾಡಿಸಿಕೊಳ್ಳಿ ಅಂತ. ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಇದಕ್ಕೂ ಮೊದಲು ಸರ್ಕಾರ ಇನ್ನೊಂದು ಬಾಗಿಲು ಹಾಕಲು ನೋಡಿತ್ತು. 1980ರ ದಶಕದಲ್ಲಿ ಶುರುವಾದ ವರ್ತುಲ ರಸ್ತೆ, ಸುಮಾರು 100 ಕಿ.ಮೀ. ಊರು ಇಲ್ಲಿಗೆ ನಿಲ್ಲಬೇಕು, ಆಚೆಗಿನ ಹೊಲ ಉಳಿಯಬೇಕು ಅಂತ ಅದನ್ನು ಬೇಲಿಯ ಹಾಗೆ ಎಳೆದರು. ಬೇಲಿಯೇ ಎದ್ದು ಹೊಲ ಮೇಯಿತು. ರಸ್ತೆ ಬಂದದ್ದೇ ತಡ, ಎರಡೂ ಬದಿಗೆ ಕೆಂಪು ಇಟ್ಟಿಗೆ ಎದ್ದಿತು. ಕೆಲವು ಕಡೆ ಐದನೇ ಮಹಡಿಯ ಕಿಟಕಿಯೂ ರಸ್ತೆಯೂ ಒಂದೇ ಮಟ್ಟದಲ್ಲಿವೆ.

ಗೀಜಾ ಕಡೆಯ ಮುಅತಮಿದಿಯಾ, ಅರ್ದ್ ಎಲ್ ಲಿವಾ ಜನರಿಗೆ ತಲೆಯ ಮೇಲೆಯೇ ಹೆದ್ದಾರಿ ಇತ್ತು, ಹತ್ತಲು ದಾರಿ ಇರಲಿಲ್ಲ. ನಕ್ಷೆಯಲ್ಲಿ ಅವರ ಊರೇ ಇಲ್ಲ ಅಂದ ಮೇಲೆ ಅವರಿಗೆ ಇಳಿಜಾರು ಯಾರು ಕಟ್ಟಿಸುತ್ತಾರೆ? 2011ರಲ್ಲಿ ಕ್ರಾಂತಿಯಾಗಿ ಪೊಲೀಸರು ಬೀದಿಯಲ್ಲಿ ಕಾಣದಾದ ತಿಂಗಳುಗಳಲ್ಲಿ ಅವರೇ ಚಂದಾ ಎತ್ತಿದರು. ಮಣ್ಣು, ಕಟ್ಟಡದ ಕಸ ಸುರಿದು ದಿಣ್ಣೆ ಏರಿಸಿದರು, ಮೇಲೆ ದಾರಿ ಹಾಸಿದರು, ಹತ್ತಲು ಒಂದು, ಇಳಿಯಲು ಒಂದು. ಓಣಿಯೊಳಗಿಂದ ಬಂದ ಮೈಕ್ರೋಬಸ್ಸುಗಳು ಆ ದಿಣ್ಣೆ ಏರಿ ವರ್ತುಲ ರಸ್ತೆಗೆ ಸೇರಿಕೊಂಡವು.